ಹ್ಯಾಲಿಫ್ಯಾಕ್ಸ್ 1917: ಒಡೆದ ಗಾಜು, ಹಿಮಗಾಳಿ ಮತ್ತು ನಂಬರು ಬರೆದ ಚೀಲಗಳು

ಹೊತ್ತಿ ಉರಿಯುತ್ತಿದ್ದ ಹಡಗನ್ನು ಊರಿನವರು ಸುಮಾರು ಇಪ್ಪತ್ತು ನಿಮಿಷ ನಿಂತು ನೋಡಿದರು. ಹ್ಯಾಲಿಫ್ಯಾಕ್ಸ್ ದುರಂತ ಅರ್ಥವಾಗಬೇಕಾದರೆ ಮೊದಲು ಈ ಇಪ್ಪತ್ತು ನಿಮಿಷವನ್ನು ಹಿಡಿದುಕೊಳ್ಳಬೇಕು. ಆ ಗಳಿಗೆಯಲ್ಲಿ ಯಾರು ಎಲ್ಲಿದ್ದರು, ಯಾವ ಕಡೆ ಮುಖ ಮಾಡಿದ್ದರು ಎಂಬುದು ಸ್ಫೋಟದ ಗಾತ್ರದಷ್ಟೇ ಮುಖ್ಯವಾಯಿತು. ಆಸ್ಪತ್ರೆಗೆ ಎಂಥ ವೈದ್ಯರು ಬೇಕಾದರು, ಬಾಸ್ಟನ್ನಿನಿಂದ ಬಂದ ಹಡಗಿನಲ್ಲಿ ಏನು ತುಂಬಿತ್ತು ಎಂಬುದಕ್ಕೂ ಕಾರಣ ಅಲ್ಲೇ ಸಿಗುತ್ತದೆ.

ಕೆನಡಾದ ಪೂರ್ವ ಕರಾವಳಿಯ ಈ ಬಂದರು ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೊರಡುವ ಹಡಗುಗಳು ಗುಂಪುಗೂಡುವ ಜಾಗ. 1917ರ ಡಿಸೆಂಬರ್ 6, ಗುರುವಾರ ಬೆಳಗ್ಗೆ ಸುಮಾರು 8.45ಕ್ಕೆ, ಬಂದರು ಇಕ್ಕಟ್ಟಾಗುವ 'ನ್ಯಾರೋಸ್' ಎಂಬಲ್ಲಿ ಎರಡು ಹಡಗು ತಾಗಿದವು. ಒಳಗೆ ಬರುತ್ತಿದ್ದದ್ದು ಫ್ರಾನ್ಸಿನ 'ಮಾಂ ಬ್ಲಾಂ'. ಅದರ ಹೊಟ್ಟೆಯಲ್ಲಿ ಸುಮಾರು 2,300 ಟನ್ ಪಿಕ್ರಿಕ್ ಆಮ್ಲ, 200 ಟನ್‌ಗೂ ಮೇಲೆ ಟಿಎನ್‌ಟಿ, 10 ಟನ್ ಗನ್‌ಕಾಟನ್ ಇತ್ತು. ಡೆಕ್ಕಿನ ಮೇಲೆ ಬೆಂಜೋಲ್ ಎಂಬ, ಬೇಗ ಹೊತ್ತಿಕೊಳ್ಳುವ ಇಂಧನದ ಪೀಪಾಯಿಗಳು. ಪಿಕ್ರಿಕ್ ಆಮ್ಲ ಎಂದರೆ ಫಿರಂಗಿ ಗುಂಡುಗಳಿಗೆ ತುಂಬುತ್ತಿದ್ದ ಸ್ಫೋಟಕ. ಹೊರಗೆ ಹೋಗುತ್ತಿದ್ದದ್ದು ನಾರ್ವೆಯ 'ಇಮೋ', ಖಾಲಿ ಹಡಗು. ಯುದ್ಧಪೀಡಿತ ಬೆಲ್ಜಿಯಮ್ಮಿಗೆ ಪರಿಹಾರ ಸಾಮಗ್ರಿ ತುಂಬಿಕೊಳ್ಳಲು ನ್ಯೂಯಾರ್ಕಿಗೆ ಹೊರಟಿತ್ತು. ಅದರ ಪಕ್ಕೆಯ ಮೇಲೆ 'ಬೆಲ್ಜಿಯನ್ ರಿಲೀಫ್' ಎಂದು ದೊಡ್ಡಕ್ಷರದಲ್ಲಿ ಬರೆದಿತ್ತು.

ಗುದ್ದು ದೊಡ್ಡದೇನಲ್ಲ, ವೇಗವೂ ಕಡಿಮೆ. ಕೆಟ್ಟದ್ದು ನಡೆದದ್ದು ಆಮೇಲೆ. ಪೀಪಾಯಿಗಳು ಉರುಳಿ ಬೆಂಜೋಲ್ ಚೆಲ್ಲಿತು. ಇಮೋ ಎಂಜಿನ್ ಹಿಂದಕ್ಕೆ ತಿರುಗಿಸಿ ಬಿಡಿಸಿಕೊಳ್ಳುವಾಗ ಉಕ್ಕಿಗೆ ಉಕ್ಕು ಉಜ್ಜಿ ಕಿಡಿ ಹಾರಿತು. ಬೆಂಕಿ ಹತ್ತಿದ ಮೇಲೆ ಅದರ ಬುಡಕ್ಕೆ ಹೋಗುವ ದಾರಿಯೇ ಇರಲಿಲ್ಲ. ನಾವಿಕರು ಎರಡು ದೋಣಿ ಇಳಿಸಿ ಎದುರು ದಡದ ಡಾರ್ಟ್‌ಮತ್ ಕಡೆ ಹುಟ್ಟು ಹಾಕಿದರು. ಫ್ರೆಂಚಿನಲ್ಲಿ ಕೂಗಿ ಎಚ್ಚರಿಸಿದರು, ಯಾರಿಗೂ ತಿಳಿಯಲಿಲ್ಲ. ಯಾರೂ ಇಲ್ಲದ ಹಡಗು ತೇಲುತ್ತಾ ಹೋಗಿ ರಿಚ್ಮಂಡ್ ಬಡಾವಣೆಯ 6ನೇ ನಂಬರಿನ ಧಕ್ಕೆಗೆ ಒರಗಿತು.

ಸ್ಫೋಟಕ ಹೊತ್ತ ಹಡಗು ಕೆಂಪು ಬಾವುಟ ಹಾರಿಸುವುದು ರೂಢಿ. ಯುದ್ಧಕಾಲದಲ್ಲಿ ಆ ಬಾವುಟ ಶತ್ರುವಿಗೆ 'ಇಲ್ಲಿ ಹೊಡಿ' ಎಂದು ತೋರಿಸಿದಂತೆ, ಹಾಗಾಗಿ ಹಾರಿಸಲಿಲ್ಲ. ಯುದ್ಧಕ್ಕೆ ಮೊದಲು ಇಂಥ ಹಡಗಿಗೆ ಒಳಬಂದರಿನಲ್ಲಿ ಪ್ರವೇಶವೂ ಇರಲಿಲ್ಲ. ಜರ್ಮನ್ ಜಲಾಂತರ್ಗಾಮಿಗಳ ಭಯಕ್ಕೆ ಆ ನಿಯಮವನ್ನು ಸಡಿಲಿಸಿದ್ದರು. ಹೀಗಾಗಿ ಒಳಗೆ ಏನಿದೆ ಎಂದು ಗೊತ್ತಿದ್ದವರು ಬೆರಳೆಣಿಕೆಯ ಜನ. ಮಿಕ್ಕವರಿಗೆ ಅದು ಬಣ್ಣಬಣ್ಣದ ಜ್ವಾಲೆ ಏಳುತ್ತಿದ್ದ ಒಂದು ಹಡಗು, ಅಷ್ಟೇ. ಕೆಲಸದವರು ಧಕ್ಕೆಗೆ ಓಡಿದರು, ಮಕ್ಕಳು ಶಾಲೆಯ ದಾರಿ ಬಿಟ್ಟು ಇಳಿಜಾರಿನಲ್ಲಿ ನಿಂತರು, ಮನೆಯಲ್ಲಿದ್ದವರು ಕಿಟಕಿಗೆ ಬಂದರು.

9 ಗಂಟೆ 4 ನಿಮಿಷ 35 ಸೆಕೆಂಡಿಗೆ ಹಡಗು ಸಿಡಿಯಿತು. ಸುಮಾರು 2.9 ಕಿಲೋಟನ್ ಟಿಎನ್‌ಟಿಗೆ ಸಮನಾದ ಶಕ್ತಿ. ಅಣುಬಾಂಬಿಗೆ ಮೊದಲು ಮನುಷ್ಯರ ಕೈಯಿಂದಾದ ಸ್ಫೋಟಗಳಲ್ಲಿ ಇದು ಅತಿ ದೊಡ್ಡವುಗಳ ಸಾಲಿನದು. ಹಡಗಿನ ಲಂಗರಿನ 517 ಕಿಲೋ ತೂಕದ ದಂಡ ಸುಮಾರು 3.8 ಕಿ.ಮೀ. ಆಚೆ ಹೋಗಿ ಬಿತ್ತು. ನೀರು ಒಮ್ಮೆ ತಳದವರೆಗೆ ಸರಿದು, ತಿರುಗಿ ಹ್ಯಾಲಿಫ್ಯಾಕ್ಸ್ ದಡದ ಮೇಲೆ 18 ಮೀಟರ್‌ವರೆಗೆ ಏರಿತು. ಇಮೋ ಎದುರು ದಡಕ್ಕೆ ಬಂದು ಕೂತಿತು. ಸುಮಾರು 1,630 ಮನೆ ನೆಲಸಮವಾದವು, 12,000 ಮನೆಗಳಿಗೆ ಹಾನಿಯಾಯಿತು. ಚಳಿಗಾಲವಾದ್ದರಿಂದ ಪ್ರತಿ ಮನೆಯಲ್ಲೂ ಕಲ್ಲಿದ್ದಲ ಒಲೆ ಉರಿಯುತ್ತಿತ್ತು. ಮರದ ಮನೆ ಒಲೆಯ ಮೇಲೆ ಕುಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸ್ಫೋಟದಲ್ಲಿ ಬದುಕಿ, ತೊಲೆಯ ಕೆಳಗೆ ಸಿಕ್ಕಿಕೊಂಡು ಬೆಂಕಿಗೆ ಬಲಿಯಾದವರು ಬಹಳ.

ಸತ್ತವರು ಸುಮಾರು 2,000, ಗಾಯಗೊಂಡವರು 9,000.

ಕಿಟಕಿಗೆ ಬಂದವರು

ಸ್ಫೋಟದ ಗಾಳಿಯೊತ್ತಡ ದೂರ ಹೋದಂತೆ ಬೇಗ ಕುಗ್ಗುತ್ತದೆ. ಮನುಷ್ಯನ ಶ್ವಾಸಕೋಶ ಹಾಳಾಗಲು ಸುಮಾರು 100 ಕಿಲೋಪಾಸ್ಕಲ್ ಒತ್ತಡ ಬೇಕು, ಕಿವಿಯ ತಮಟೆ ಹರಿಯಲು 35ರ ಆಸುಪಾಸು. ಸಾಧಾರಣ ಕಿಟಕಿ ಗಾಜಿಗೆ ಎರಡು ಮೂರು ಕಿಲೋಪಾಸ್ಕಲ್ ಸಾಕು, ಕೆಲವಕ್ಕೆ ಅದೂ ಬೇಡ. ಅಂದರೆ ಒತ್ತಡವೇ ನೇರವಾಗಿ ಕೊಲ್ಲುವ ವಲಯ ಚಿಕ್ಕದು, ಗಾಜು ಚೂರಿಯಾಗುವ ವಲಯ ಅದರ ಹತ್ತಾರು ಪಟ್ಟು ದೊಡ್ಡದು. ಆ ದೊಡ್ಡ ವಲಯದಲ್ಲಿ ಎಷ್ಟೋ ಜನ ಗಾಜಿಗೆ ಮುಖವಿಟ್ಟು ನಿಂತಿದ್ದರು.

ಇನ್ನೊಂದು ಸೂಕ್ಷ್ಮ ಇದೆ, ಸಾಮಾನ್ಯವಾಗಿ ಇದನ್ನು ಯಾರೂ ಹೇಳುವುದಿಲ್ಲ. ಹ್ಯಾಲಿಫ್ಯಾಕ್ಸ್ ಕೂತಿರುವುದು ಗಟ್ಟಿ ಬಂಡೆಯ ಮೇಲೆ. ಬಂಡೆಯಲ್ಲಿ ಕಂಪನ ಸೆಕೆಂಡಿಗೆ ಹಲವು ಕಿ.ಮೀ. ವೇಗದಲ್ಲಿ ಓಡುತ್ತದೆ, ಚಳಿಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 330 ಮೀಟರ್ ಮಾತ್ರ. ಮೂರು ಕಿ.ಮೀ. ದೂರದ ಮನೆಗೆ ನೆಲದ ನಡುಕ ಒಂದು ಸೆಕೆಂಡಿನೊಳಗೆ ಮುಟ್ಟಿದರೆ, ಗಾಳಿಯ ಹೊಡೆತಕ್ಕೆ ಎಂಟೊಂಬತ್ತು ಸೆಕೆಂಡ್ ಬೇಕು. ನೆಲ ನಡುಗಿತು ಎಂದು ಕಿಟಕಿಗೆ ಓಡುವುದಕ್ಕೆ ಹೇಳಿ ಮಾಡಿಸಿದಷ್ಟು ಸಮಯ. ಊರಿನ ದಕ್ಷಿಣ ಭಾಗದಲ್ಲಿದ್ದ ಹಲವರು 'ಎರಡು ಸಲ ಆಯಿತು' ಎಂದದ್ದು ಇದೇ ಕಾರಣಕ್ಕೆ. ಅದು ಭ್ರಮೆಯಲ್ಲ, ಒಂದೇ ಸ್ಫೋಟ ಎರಡು ದಾರಿಯಲ್ಲಿ ಬಂದದ್ದು.

ಪರಿಣಾಮ ಆಸ್ಪತ್ರೆಗಳಲ್ಲಿ ಕಂಡಿತು. ಗಾಯಗೊಂಡು ಮರಳಿದ ಯೋಧರ ಆರೈಕೆಗೆಂದು ಕಟ್ಟಿದ್ದ ಕ್ಯಾಂಪ್ ಹಿಲ್ ಆಸ್ಪತ್ರೆಯಲ್ಲಿ ಹಾಸಿಗೆ ಇದ್ದದ್ದು 280. ಮೊದಲ ದಿನವೇ ಬಂದವರು ಸುಮಾರು 1,400. ಹಾಸಿಗೆಗಳು ತುಂಬಿ, ನಡುವಿನ ನೆಲ ತುಂಬಿ, ಪಡಸಾಲೆಗಳೂ ತುಂಬಿದವು. ಊರಿಡೀ ಕಣ್ಣಿಗೆ ಗಾಯವಾದವರು ಸುಮಾರು 5,900. ಹನ್ನೆರಡು ಮಂದಿ ನೇತ್ರವೈದ್ಯರು 592 ಜನಕ್ಕೆ ಚಿಕಿತ್ಸೆ ಕೊಟ್ಟು 249 ಕಣ್ಣುಗುಡ್ಡೆ ತೆಗೆದರು. 16 ಮಂದಿಯ ಎರಡೂ ಕಣ್ಣು ಹೋದವು.

ಇಷ್ಟೊಂದು ಕಣ್ಣು ತೆಗೆದದ್ದೇಕೆ? ಅವಸರದ ಕ್ರೌರ್ಯದಂತೆ ಕಾಣುತ್ತದೆ, ಆದರೆ ಲೆಕ್ಕ ಬೇರೆ ಇತ್ತು. ಗಾಜು ಹೊಕ್ಕು ಒಳಪದರ ಹರಿದ ಕಣ್ಣನ್ನು ಹಾಗೇ ಬಿಟ್ಟರೆ, ಕೆಲವು ವಾರಗಳಲ್ಲಿ ದೇಹ ತನ್ನದೇ ಕಣ್ಣಿನ ಅಂಗಾಂಶದ ಮೇಲೆ ತಿರುಗಿಬಿದ್ದು ಚೆನ್ನಾಗಿರುವ ಇನ್ನೊಂದು ಕಣ್ಣಲ್ಲೂ ಉರಿಯೂತ ಎಬ್ಬಿಸುವ ಅಪಾಯವಿದೆ. ಆಗ ಎರಡೂ ಕಣ್ಣು ಹೋಗುತ್ತವೆ. ಸ್ಟೀರಾಯ್ಡ್ ಇಲ್ಲದ, ಆಂಟಿಬಯಾಟಿಕ್ ಇಲ್ಲದ ಕಾಲ. ರೋಗಿಯನ್ನು ವಾರಗಟ್ಟಲೆ ಕಣ್ಣಿಟ್ಟು ನೋಡುವ ವ್ಯವಸ್ಥೆಯೂ ಇಲ್ಲ. ಹಾಳಾದ ಕಣ್ಣನ್ನು ಬೇಗ ತೆಗೆದು ಒಳ್ಳೆಯದನ್ನು ಉಳಿಸುವುದೇ ಅಂದಿನ ಶಾಸ್ತ್ರ. ಆ 16 ಜನರನ್ನು ಬಿಟ್ಟರೆ ಶಸ್ತ್ರಚಿಕಿತ್ಸೆಯಾದ ಮಿಕ್ಕವರಿಗೆ ಒಂದು ಕಣ್ಣಾದರೂ ಉಳಿದಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ಎರಡು ಗಂಟೆ ಕಳೆದದ್ದು

ಪರಿಹಾರ ಕೆಲಸ ಸ್ಫೋಟವಾದ ಕೆಲವೇ ನಿಮಿಷದಲ್ಲಿ ಶುರುವಾಯಿತು. ಬಂದರಿನಲ್ಲಿದ್ದ ಯುದ್ಧನೌಕೆಗಳ ನಾವಿಕರು, ದಂಡಿನ ಸೈನಿಕರು, ಅಕ್ಕಪಕ್ಕದವರು ಬರಿಗೈಯಲ್ಲಿ ಅವಶೇಷ ಎತ್ತತೊಡಗಿದರು. ಅಗ್ನಿಶಾಮಕ ದಳಕ್ಕೆ ತಲೆಯೇ ಇರಲಿಲ್ಲ: ಮುಖ್ಯಸ್ಥರು, ಉಪಮುಖ್ಯಸ್ಥರು ಸೇರಿ ಒಂಬತ್ತು ಮಂದಿ ಸತ್ತಿದ್ದರು. 'ಪೆಟ್ರೀಷಿಯಾ' ಎಂಬ ಮೋಟಾರು ಬೆಂಕಿಯಂತ್ರದಲ್ಲಿ ಧಕ್ಕೆಗೆ ಹೋಗಿದ್ದವರಲ್ಲಿ ಉಳಿದದ್ದು ಚಾಲಕ ಬಿಲ್ಲಿ ವೆಲ್ಸ್ ಒಬ್ಬರೇ. ಎಚ್ಚರವಾದಾಗ ಯಂತ್ರದಿಂದ ಬಹು ದೂರದಲ್ಲಿದ್ದೆ, ಮೈಮೇಲೆ ಬಟ್ಟೆಯಿರಲಿಲ್ಲ, ಬಲಗೈಯ ಮಾಂಸಖಂಡ ಕಿತ್ತುಹೋಗಿತ್ತು ಎಂದು ಅವರು ಹೇಳಿದರು.

ಹತ್ತು ಗಂಟೆಯ ಹೊತ್ತಿಗೆ ಎಲ್ಲವೂ ನಿಂತುಹೋಯಿತು. ವೆಲಿಂಗ್ಟನ್ ದಂಡಿನ ಮದ್ದಿನಮನೆಯ ಹತ್ತಿರ ಒಲೆಯ ಕೆಂಡ ಹರಡಿತ್ತು. ಸೈನಿಕರು ಅದನ್ನು ಆರಿಸುವಾಗ ಎದ್ದ ಹೊಗೆ ಕಂಡು 'ಮತ್ತೊಂದು ಸಿಡಿಯುತ್ತದೆ' ಎಂಬ ಸುದ್ದಿ ಹಬ್ಬಿತು. ಜನರನ್ನು ದಕ್ಷಿಣಕ್ಕೆ, ಬಯಲುಗಳಿಗೆ ಓಡಿಸಿದರು. ಅವಶೇಷದಡಿ ಕೂಗುತ್ತಿದ್ದವರನ್ನು ಬಿಟ್ಟು ಹೋಗಬೇಕಾಯಿತು, ಬೆಂಕಿ ಮಾತ್ರ ತನ್ನ ಪಾಡಿಗೆ ಹರಡಿತು. ಸುಳ್ಳೆಂದು ಖಾತ್ರಿಯಾಗುವಷ್ಟರಲ್ಲಿ ಮಧ್ಯಾಹ್ನ ಸಮೀಪಿಸಿತ್ತು. ಬದುಕುಳಿದವರ ಹೇಳಿಕೆಗಳಲ್ಲಿ ಈ ಓಟದ ನೆನಪೂ ಕಹಿಯಾಗಿದೆ. ಆದರೂ ಆದೇಶ ಕೊಟ್ಟವರನ್ನು ಸುಲಭವಾಗಿ ದೂರುವಂತಿಲ್ಲ. ಒಂದು ಗಂಟೆಯ ಹಿಂದೆ ಕೊಡದ ಎಚ್ಚರಿಕೆಯೇ ಸಾವಿರಾರು ಜೀವ ತೆಗೆದಿತ್ತು.

ಮೇಯರ್ ಊರಲ್ಲಿರಲಿಲ್ಲ, ಉಪಮೇಯರ್ ಹೆನ್ರಿ ಕೋಲ್ವೆಲ್ ಗಾಜಿಲ್ಲದ ಪುರಸಭೆ ಕಟ್ಟಡದಲ್ಲೇ ಸಭೆ ಸೇರಿಸಿದರು. ಅದೇ ದಿನ ಸಾರಿಗೆ, ಆಹಾರ, ವಸತಿ, ಹಣ, ಶವಾಗಾರ ಎಂದು ಬೇರೆಬೇರೆ ಸಮಿತಿಗಳಾದವು. ಶವಾಗಾರ ಸಮಿತಿ ಮೊದಲ ದಿನವೇ ಆದದ್ದನ್ನು ಗಮನಿಸಿ. ಅದರ ಮಾತು ಮುಂದೆ ಬರುತ್ತದೆ.

ಮರುದಿನ ಹಿಮಗಾಳಿ ಬೀಸಿ ಸುಮಾರು 40 ಸೆಂ.ಮೀ. ಹಿಮ ಬಿತ್ತು. ಬಯಲಲ್ಲಿ ಸೈನಿಕರು ಹೊಡೆದಿದ್ದ ಡೇರೆಗಳು ಕೆಲಸಕ್ಕೆ ಬರಲಿಲ್ಲ. ತಂತಿಗಳು ಕಡಿದವು, ರೈಲುಗಳು ಹಿಮದಲ್ಲಿ ಹೂತು ನಿಂತವು, ಹುಡುಕಾಟ ನಿಂತಿತು. ಒಂದು ಉಪಕಾರವೆಂದರೆ ಬೆಂಕಿ ಆರಿತು. ಇಡೀ ಊರಿನ ಕಿಟಕಿ ಹೋಗಿದ್ದರಿಂದ, ಗೋಡೆ ನಿಂತಿದ್ದ ಮನೆಯೂ ಆ ರಾತ್ರಿ ವಾಸಕ್ಕೆ ಬಾರದ ಮನೆಯೇ. ಅನ್ನ, ಔಷಧಿಯಷ್ಟೇ ತುರ್ತಾಗಿ ಬೇಕಾದದ್ದು ಟಾರ್ ಕಾಗದ, ಹಲಗೆ, ಮೊಳೆ. ಬಾಸ್ಟನ್ನಿನಿಂದ ಆಮೇಲೆ ಹೊರಟ 'ಕ್ಯಾಲ್ವಿನ್ ಆಸ್ಟಿನ್' ಹಡಗಿನಲ್ಲಿ ಬಟ್ಟೆಬರೆಯ ಜೊತೆ ಕಿಟಕಿ ಗಾಜು, ಅದನ್ನು ಕೂರಿಸುವ ಪುಟ್ಟಿ, ಕೂರಿಸಬಲ್ಲ ಕೆಲಸಗಾರರೂ ಇದ್ದರು. ಕೇಳಿದ್ದನ್ನು ಕಳಿಸುವುದು ಒಂದು, ಅದನ್ನು ಬಳಸಬಲ್ಲವರನ್ನೂ ಕಳಿಸುವುದು ಇನ್ನೊಂದು. ನೆರೆ ಬಂದಾಗ ನಮ್ಮ ಗಂಜಿ ಕೇಂದ್ರಗಳಲ್ಲಿ ಹಳೇ ಸೀರೆ ರಾಶಿ ಬಿದ್ದು, ಬೇಕಾದ ಟಾರ್ಪಾಲು ಸಿಗದೆ ಹೋಗುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ರೈಲು ಮತ್ತು ತಂತಿ

ರಿಚ್ಮಂಡ್ ರೈಲ್ವೆ ಅಂಗಳದಲ್ಲಿ ರೈಲುಗಳ ಓಡಾಟ ನೋಡಿಕೊಳ್ಳುತ್ತಿದ್ದ ವಿನ್ಸೆಂಟ್ ಕೋಲ್ಮನ್ ಹೆಸರು ಈ ಕಥೆಯಲ್ಲಿ ಬಂದೇ ಬರುತ್ತದೆ. ಹಡಗಿನಲ್ಲಿ ಏನಿದೆ ಎಂದು ತಿಳಿದ ಮೇಲೂ ಅವರು ಹಿಂತಿರುಗಿ, ಬರುತ್ತಿರುವ ರೈಲು ತಡೆಯಿರಿ, ಮದ್ದುಗುಂಡಿನ ಹಡಗು ಹೊತ್ತಿಕೊಂಡು 6ನೇ ಧಕ್ಕೆಯ ಕಡೆ ಬರುತ್ತಿದೆ, ಬಹುಶಃ ಇದೇ ನನ್ನ ಕೊನೆಯ ಸಂದೇಶ ಎಂಬರ್ಥದ ತಂತಿ ಹೊಡೆದು ಸತ್ತರು. ಸಂದೇಶದ ಮಾತುಗಳು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇವೆ. ಆ ರೈಲು ತಡವಾಗಿಯೇ ಬರುತ್ತಿದ್ದರಿಂದ ತಂತಿ ಇಲ್ಲದಿದ್ದರೂ ಉಳಿಯುತ್ತಿತ್ತೇನೋ ಎಂಬ ವಾದವೂ ಇದೆ. ಆದರೆ ಆ ತಂತಿಯ ನಿಜವಾದ ಫಲ ಬೇರೆ ಕಡೆ ಇದೆ. ಹ್ಯಾಲಿಫ್ಯಾಕ್ಸಿನ ತಂತಿಗಳೆಲ್ಲ ಕಡಿದುಹೋದ ಹೊತ್ತಿಗೆ, ಏನಾಗಿದೆ ಎಂದು ಹಾದಿಯ ನಿಲ್ದಾಣಗಳಿಗೆ ಆಗಲೇ ಗೊತ್ತಿತ್ತು. ಟ್ರೂರೋ, ಕೆಂಟ್‌ವಿಲ್, ನ್ಯೂ ಗ್ಲಾಸ್ಗೊ ಊರುಗಳಿಂದ ವೈದ್ಯರು, ದಾದಿಯರು, ಅಗ್ನಿಶಾಮಕರನ್ನು ತುಂಬಿಕೊಂಡ ರೈಲುಗಳು ಅದೇ ದಿನ ಹೊರಟವು. ಹಳಿ ಹಾಳಾಗಿದ್ದರಿಂದ ಊರ ಹೊರಗೇ ಇಳಿದು ಅವಶೇಷ ದಾಟಿಕೊಂಡು ನಡೆದು ಬಂದವರಿದ್ದರು.

ಬಾಸ್ಟನ್ನಿನಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಸ್ಯಾಮ್ಯುಯೆಲ್ ಮೆಕಾಲ್ ನೆರವು ಕೊಡುತ್ತೇವೆಂದು ತಂತಿ ಹೊಡೆದು, ಉತ್ತರಕ್ಕೆ ಕಾಯಲಿಲ್ಲ. ಏಬ್ರಹಾಂ ರಾಟ್‌ಶೆಸ್ಕಿ ನೇತೃತ್ವದ ರೈಲು ಅದೇ ರಾತ್ರಿ ಸುಮಾರು ಹತ್ತಕ್ಕೆ ಹೊರಟು, ದಾರಿಯಲ್ಲಿ ಹಿಮಕ್ಕೆ ಸಿಕ್ಕಿ, 8ರ ಬೆಳಗಿನ ಜಾವ ತಲುಪಿತು. ಅವರು 'ಬೆಲ್‌ವ್ಯೂ' ಎಂಬ ಸೇನಾಧಿಕಾರಿಗಳ ಕಟ್ಟಡವನ್ನು ಪಡೆದು, ಒಡೆದ ಕಿಟಕಿ ಮುಚ್ಚಿಸಿ, ಗುಡಿಸಿ ತೊಳೆಸಿ ಅದೇ ದಿನ ರೋಗಿಗಳನ್ನು ಸೇರಿಸಿಕೊಂಡರು. ನಿತ್ರಾಣವಾಗಿದ್ದ ಸ್ಥಳೀಯ ವೈದ್ಯರಿಗೆ ನಿದ್ದೆ ಮಾಡಲು ಸಿಕ್ಕ ಮೊದಲ ಅವಕಾಶ ಬಹುಶಃ ಅದು. ಇದರ ನೆನಪಿಗೆ ಹ್ಯಾಲಿಫ್ಯಾಕ್ಸ್ ಇರುವ ನೋವಾಸ್ಕೋಶಿಯಾ ಪ್ರಾಂತ್ಯ 1918ರಲ್ಲಿ ಬಾಸ್ಟನ್ನಿಗೆ ಒಂದು ಕ್ರಿಸ್ಮಸ್ ಮರ ಕಳಿಸಿತು. 1971ರಿಂದ ಪ್ರತಿ ವರ್ಷ ಕಳಿಸುತ್ತಿದೆ.

ಶಾಲೆಯ ನೆಲಮಾಳಿಗೆ

ಚೆಬಕ್ಟೊ ರಸ್ತೆಯ ಶಾಲೆಯ ನೆಲಮಾಳಿಗೆ ಶವಾಗಾರವಾಯಿತು. ನಡೆಸಿದವರು ಆರ್ಥರ್ ಬಾರ್ನ್‌ಸ್ಟೆಡ್. ಅವರ ತಂದೆ ಜಾನ್ ಹೆನ್ರಿ ಬಾರ್ನ್‌ಸ್ಟೆಡ್ 1912ರಲ್ಲಿ, ಟೈಟಾನಿಕ್‌ನಿಂದ ತಂದ ಶವಗಳನ್ನು ಇದೇ ಊರಿಗೆ ಇಳಿಸಿದಾಗ, ಒಂದು ಕ್ರಮ ಕಟ್ಟಿದ್ದರು. ಮಗ ಅದನ್ನೇ ತೆಗೆದುಕೊಂಡರು.

ಕ್ರಮ ಸರಳ. ದೇಹ ಬಂದ ಕೂಡಲೇ ಒಂದು ನಂಬರು. ಜೇಬಿನಲ್ಲಿದ್ದದ್ದು, ಉಂಗುರ, ಬಟ್ಟೆಯ ತುಂಡು ಎಲ್ಲವನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿ ಅದಕ್ಕೂ ಅದೇ ನಂಬರು. ಆಮೇಲೆ ನಮ್ಮ ಪಂಚನಾಮೆಯ ಹಾಗೆ ಪುಸ್ತಕದಲ್ಲಿ ವಿವರ: ಗಂಡೋ ಹೆಣ್ಣೋ, ಅಂದಾಜು ವಯಸ್ಸು, ಕೂದಲ ಬಣ್ಣ, ಮೈಮೇಲಿನ ಗುರುತು, ತೊಟ್ಟ ಬಟ್ಟೆ, ಸಿಕ್ಕ ಜಾಗ. ಮುಖದ ಗುರುತು ಸಿಗದಿದ್ದರೂ ಚೀಲದ ಗುರುತು ಸಿಗಬಹುದು. ದೇಹ ಮಣ್ಣಾದ ಮೇಲೂ ಚೀಲ ಉಳಿಯುತ್ತದೆ, ತಿಂಗಳು ಬಿಟ್ಟು ಬಂದ ಬಂಧುವಿಗೂ ತೋರಿಸಬಹುದು. ಇದರ ಬುದ್ಧಿವಂತಿಕೆ ಇರುವುದು ಅಲ್ಲೇ.

ಎಡವುವ ಜಾಗಗಳೂ ಇದ್ದವು. ಸಮುದ್ರದಲ್ಲಿ ಸತ್ತವರ ಮೈಮೇಲೆ ಬಟ್ಟೆ ಇರುತ್ತದೆ, ಸ್ಫೋಟ ಅದನ್ನೇ ಕಿತ್ತೊಯ್ಯುತ್ತದೆ. ಗಾಡಿಯಲ್ಲಿ ಹೇರಿಕೊಂಡು ಬಂದವರು ಎಲ್ಲಿ ಸಿಕ್ಕಿತೆಂದು ಹೇಳದಿದ್ದರೆ ದೊಡ್ಡ ಸುಳಿವು ಹೋದಂತೆ. ಸುಟ್ಟ ಮನೆಯೊಳಗೆ ಸಿಕ್ಕಿದ್ದು ಎಷ್ಟೋ ಸಲ ಎಲುಬಿನ ಚೂರು. ಒಂದೇ ಒಂದು ಅನುಕೂಲ ಚಳಿ: ಗುರುತು ಹಿಡಿಯಲು ದಿನಗಟ್ಟಲೆ ಸಮಯ ಸಿಕ್ಕಿತು. ಹೆಸರು ಸಿಗದ ಸುಮಾರು 95 ಜನರ ಸಾಮೂಹಿಕ ಅಂತ್ಯಕ್ರಿಯೆ ಡಿಸೆಂಬರ್ 17ರಂದು, ಹನ್ನೊಂದು ದಿನ ಕಾದ ಮೇಲೆ, ನಡೆಯಿತು. ಕೊನೆಯ ದೇಹ ಸಿಕ್ಕಿದ್ದು 1919ರಲ್ಲಿ.

ಬದುಕಿದ್ದವರಿಗೂ ಕಾಗದವೇ ಗತಿಯಾಯಿತು. ಅಮೆರಿಕದಿಂದ ಬಂದ ಸಮಾಜಸೇವಾ ತಜ್ಞರು ಮನೆಮನೆಯ ನೋಂದಣಿ ತಂದರು. ಒಂದೇ ಮನೆಗೆ ಎರಡು ಸಲ ಹೋಗಬಾರದು, ಇನ್ನೊಂದು ಮನೆ ಬಿಟ್ಟುಹೋಗಬಾರದು ಎಂಬುದು ಉದ್ದೇಶ, ಮತ್ತು ಅದು ಸರಿಯಾದ ಉದ್ದೇಶ. ಆದರೆ ಗಂಡ, ಮಕ್ಕಳನ್ನು ಕಳೆದುಕೊಂಡವರು ಒಂದು ಜೊತೆ ಬೂಟಿಗೆ ಅರ್ಜಿ ಬರೆದು ವಿಚಾರಣೆಗೆ ನಿಲ್ಲಬೇಕಾದಾಗ ಅದು ಅವಮಾನವಾಗಿಯೇ ಕಂಡಿತು. ಈ ದೂರು ಹೇಳಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 1918ರ ಜನವರಿಯಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಪರಿಹಾರ ಆಯೋಗ ಎಲ್ಲವನ್ನೂ ವಹಿಸಿಕೊಂಡಿತು. ರಿಚ್ಮಂಡಿನಲ್ಲಿ 'ಹೈಡ್ರೋಸ್ಟೋನ್' ಎಂಬ ಸಿಮೆಂಟ್ ಇಟ್ಟಿಗೆಯಿಂದ ಮುನ್ನೂರಕ್ಕೂ ಹೆಚ್ಚು ಮನೆ ಕಟ್ಟಿಸಿತು. ಮರ ಸುಟ್ಟದ್ದನ್ನು ಕಂಡವರ ಆಯ್ಕೆ ಅದು. ಪಿಂಚಣಿ ಕೊಡುತ್ತಾ ಆಯೋಗ 1976ರವರೆಗೆ ಬದುಕಿತು.

ಕಾಗದದ ಹೊರಗೆ ಉಳಿದವರೂ ಇದ್ದಾರೆ. ಸ್ಫೋಟದ ಜಾಗಕ್ಕೆ ನೇರ ಎದುರಿಗಿದ್ದ ಟಫ್ಟ್ಸ್ ಕೋವ್‌ನಲ್ಲಿ ಮಿಗ್‌ಮಾ ಮೂಲನಿವಾಸಿಗಳ ಪುಟ್ಟ ಹಾಡಿ ಇತ್ತು. ಅಲ್ಲಿ ಒಂಬತ್ತು ದೇಹ ಸಿಕ್ಕವು, ಊರು ಮತ್ತೆ ಎದ್ದೇಳಲಿಲ್ಲ. ಕಪ್ಪು ಜನಾಂಗದವರ ಆಫ್ರಿಕ್‌ವಿಲ್‌ಗೆ ಪರಿಹಾರದ ಪಾಲು ಬಂದದ್ದು ಅತ್ಯಲ್ಪ. ಬರೆದುಕೊಳ್ಳಲು ಯಾರೂ ಹೋಗದಿದ್ದರೆ ಹೇಳಿಕೆಯೂ ಇಲ್ಲ, ಲೆಕ್ಕವೂ ಇಲ್ಲ. ಸತ್ತವರ ಸಂಖ್ಯೆ ಇಂದಿಗೂ 'ಸುಮಾರು' ಆಗಿರುವುದಕ್ಕೆ ಇದೂ ಒಂದು ಕಾರಣ.

ಹೇಳಿಕೆಗಳನ್ನು ಓದುವುದು ಹೇಗೆ

ದುರಂತವಾಗಿ ಹತ್ತೇ ದಿನಕ್ಕೆ ಡಾಲ್‌ಹೌಸಿ ವಿಶ್ವವಿದ್ಯಾಲಯದ ಪ್ರೊಫೆಸರ್ ಆರ್ಚಿಬಾಲ್ಡ್ ಮ್ಯಾಕ್‌ಮೆಕನ್ ಅವರಿಗೆ ದಾಖಲೆ ಕಚೇರಿಯೊಂದನ್ನು ವಹಿಸಲಾಯಿತು. ನೆನಪು ಹಸಿಯಾಗಿದ್ದಾಗಲೇ ಬರೆದುಕೊಂಡದ್ದು ಇವುಗಳ ದೊಡ್ಡ ಬಲ. ಅಂಥದೊಂದು ಹೇಳಿಕೆ 'ಮಿಡ್ಲ್‌ಹ್ಯಾಮ್ ಕ್ಯಾಸಲ್' ಎಂಬ ಹಡಗಿನ ಅಧಿಕಾರಿಯದು. ಅವರು ಹಡಗಿನಿಂದ ಎಗರಿ ಅರ್ಧ ಮೈಲಿಯಾಚೆ ಫೋರ್ಟ್ ನೀಡಮ್ ದಿಣ್ಣೆಯ ಮೇಲೆ ಬಿದ್ದಿದ್ದರು. ಮೈ ಒದ್ದೆ, ಕಾಲಲ್ಲಿ ಬೂಟು ಮಾತ್ರ. ಪಕ್ಕದಲ್ಲಿ ಅಳುತ್ತಿದ್ದ ಒಬ್ಬ ಪುಟ್ಟ ಹುಡುಗಿಯನ್ನು ಇದು ಯಾವ ಜಾಗ ಎಂದು ಕೇಳಿದರು. ಅವಳಿಗೂ ಗೊತ್ತಿರಲಿಲ್ಲ.

ಇಂಥ ಹೇಳಿಕೆಯಲ್ಲಿ ನಂಬಬಹುದಾದದ್ದು ಮೈಗೆ ತಾಗಿದ ವಿವರ: ಎಲ್ಲಿ ಬಿದ್ದೆ, ಏನು ತೊಟ್ಟಿದ್ದೆ, ಒದ್ದೆಯಾಗಿತ್ತೇ. ಕೆಲವು ನಿಮಿಷ ಎಣ್ಣೆಯಂಥ ಕಪ್ಪು ಮಳೆ ಸುರಿದದ್ದನ್ನು ಒಬ್ಬರನ್ನೊಬ್ಬರು ಕಾಣದವರೆಲ್ಲ ಒಂದೇ ಥರ ಹೇಳುತ್ತಾರೆ. ಉರಿಯದೆ ಉಳಿದ ಇಂಗಾಲ ಅದು, ಗಾಯಕ್ಕೆ ಸೇರಿ ಹಚ್ಚೆಯ ಹಾಗೆ ನೀಲಿ ಕಲೆ ಬಿಟ್ಟಿತು. ಎಚ್ಚರಿಕೆಯಿಂದ ಓದಬೇಕಾದದ್ದು ಹೊತ್ತು, ಅವಧಿ, ಕಾರಣ. ತೀರ ಹತ್ತಿರವಿದ್ದ ಹಲವರು ಶಬ್ದವನ್ನೇ ಕೇಳಿಲ್ಲ. ಜರ್ಮನರು ಬಾಂಬ್ ಹಾಕಿದರು ಎಂದವರು ಬಹಳ. ಅದು ಘಟನೆಗೆ ಸಾಕ್ಷಿಯಲ್ಲ, ಅಂದಿನ ಭಯಕ್ಕೆ ಸಾಕ್ಷಿ. ಆ ಭಯದಲ್ಲೇ ಇಮೋ ಹಡಗಿನ ಚುಕ್ಕಾಣಿಗನನ್ನು ಗೂಢಚಾರನೆಂದು ಹಿಡಿದರು. ಡಿಸೆಂಬರ್ 13ಕ್ಕೆ ಶುರುವಾದ ವಿಚಾರಣೆ ಮುಖ್ಯವಾಗಿ ಮಾಂ ಬ್ಲಾಂ ಕಡೆಯವರನ್ನು ಹೊಣೆ ಮಾಡಿತು. 1920ರಲ್ಲಿ ಆಗಿನ ಅಂತಿಮ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಎರಡೂ ಹಡಗಿನದು ಸಮ ತಪ್ಪು ಎಂದಿತು.

ಹೇಳಿಕೆ ಬರೆದುಕೊಳ್ಳಲು ಬಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹತ್ತಿರದ್ದೇ ಉದಾಹರಣೆ ಇದೆ. 1944ರ ಏಪ್ರಿಲ್ 14ರಂದು ಬೊಂಬಾಯಿಯ ವಿಕ್ಟೋರಿಯಾ ಡಾಕಿನಲ್ಲಿ, ಸುಮಾರು 1,400 ಟನ್ ಸ್ಫೋಟಕದ ಜೊತೆಗೆ ಹತ್ತಿ ತುಂಬಿದ್ದ 'ಫೋರ್ಟ್ ಸ್ಟಿಕೈನ್' ಸಿಡಿಯಿತು. 66 ಅಗ್ನಿಶಾಮಕರು ಸತ್ತರು. ಪ್ರತಿ ಏಪ್ರಿಲ್ 14ಕ್ಕೆ ನಮ್ಮ ಅಗ್ನಿಶಾಮಕ ಠಾಣೆಗಳಲ್ಲಿ ಆಚರಿಸುವ ಸೇವಾ ದಿನ ಅವರ ನೆನಪಿನದು. ಬ್ರಿಟಿಷ್ ಸರ್ಕಾರ ಮೇ ಎರಡನೇ ವಾರದವರೆಗೆ ಪತ್ರಿಕೆಗಳಿಗೆ ವರದಿ ಮಾಡಲು ಬಿಡಲಿಲ್ಲ. ಅಲ್ಲಿನ ಕೂಲಿಗಳು, ಗುಮಾಸ್ತರು ಕಂಡದ್ದನ್ನು ಹತ್ತು ದಿನದೊಳಗೆ ಕೂತು ಬರೆದುಕೊಳ್ಳುವ ಮ್ಯಾಕ್‌ಮೆಕನ್ ಅವರಂಥ ಕಚೇರಿಯೂ ಇರಲಿಲ್ಲ. ಸತ್ತವರ ಅಂದಾಜು ಇಂದಿಗೂ 800ರಿಂದ 1,300ರ ನಡುವೆ ಓಲಾಡುತ್ತದೆ.

ಹ್ಯಾಲಿಫ್ಯಾಕ್ಸಿನಲ್ಲಿ ಹುಡುಕಿಕೊಂಡು ಯಾರೂ ಬಾರದ ಚೀಲಗಳು ದಶಕಗಟ್ಟಲೆ ಶಾಸನಸಭೆ ಕಟ್ಟಡದ ನೆಲಮಾಳಿಗೆಯಲ್ಲಿ ಬಿದ್ದಿದ್ದವು. ಬೀಗದ ಕೈ, ಗುಂಡಿ, ನಾಣ್ಯ, ಶಾಲೆಗೆ ಹೊರಟಿದ್ದ ಮಕ್ಕಳ ಜೇಬಿನ ಚಿಕ್ಕಪುಟ್ಟ ಸಾಮಾನು. ಅವುಗಳನ್ನು ಬಿಚ್ಚಿ ಪಟ್ಟಿ ಮಾಡಿದ ಜಾನೆಟ್ ಕಿಟ್ಜ್ ಮುಂದೆ ಬದುಕುಳಿದವರನ್ನು ಹುಡುಕಿ ಮಾತನಾಡಿಸಿದರು. ಗಾಜಿನ ಚೂರು ಹಲವು ವರ್ಷದ ಮೇಲೂ ಚರ್ಮದಿಂದ ಹೊರಬರುತ್ತಿದ್ದವರು ಆಗ ಇನ್ನೂ ಇದ್ದರು. ಚೀಲಗಳು ಈಗ ಅಲ್ಲಿನ ಕಡಲ ಮ್ಯೂಸಿಯಮ್ಮಿನಲ್ಲಿವೆ. ಕೆಲವುಗಳ ಮೇಲೆ ಇರುವುದು ಇವತ್ತಿಗೂ ನಂಬರು ಮಾತ್ರ.